ಬೈಲಕುಪ್ಪೆಯ ಹೊಸ ಒಕ್ಕಲು

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿದ್ದ ಚಿಕ್ಕಲಸಂದ್ರದಂತಹ ಹಳ್ಳಿಗಳು ಹೊರಗಿನಿಂದ ಬಂದು ನೆಲಸಿದವರಿಂದ ಬಡಾವಣೆಗಳಾಗಿ ಬೆಳೆದುದನ್ನು ನಾವು ಬಲ್ಲೆವು. ಅಲ್ಲಿಗೆ ಜನರನ್ನು ಸೆಳೆದುದು ನೆರೆಯ ಮಹಾನಗರ. ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಅಂತಹ ಸೆಳೆತವೇನೂ ಇರಲಿಲ್ಲ. ಅಲ್ಲಿಗೆ ಬಂದವರು ಪರದೇಶದವರು, ಬಂದುದೂ ಬಯಸಿಯಲ್ಲ.

1959ರಲ್ಲಿ ಟಿಬೆಟ್ಟಿನ ಧರ್ಮಗುರು ದಲೈಲಾಮಾ ಅವರು ಲಾಸಾ ನಗರವನ್ನು ತೊರೆದು ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಮಂದಿ ಹಿಮಾಲಯವನ್ನು ದಾಟಿದರು. ಇವರಿಗೆ ನೆಲೆ ಕಲ್ಪಿಸಬೇಕೆಂದು ಭಾರತ ಸರ್ಕಾರವು ರಾಜ್ಯಗಳನ್ನು ಕೇಳಿಕೊಂಡಾಗ, ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯ ಬಳಿ ಸುಮಾರು 3000 ಎಕರೆ ಕಾಡುಭೂಮಿಯನ್ನು ಗುತ್ತಿಗೆಯಾಗಿ ಕೊಟ್ಟಿತು. 1961ರ ಹೊತ್ತಿಗೆ ಅಲ್ಲಿ ಹೊಸದೊಂದು ಊರು ತಲೆಯೆತ್ತಿತು.

ತಲೆಯೆತ್ತಿತು ಎಂದು ಬರೆಯುವುದು ಸುಲಭ. ಚಳಿನಾಡಿನಲ್ಲಿ ಬಾರ್ಲಿ ಬೆಳೆದು, ಯಾಕ್ ಮೇಯಿಸಿಕೊಂಡಿದ್ದವರಿಗೆ ದಕ್ಷಿಣದ ಸೆಕೆಯೇ ದೊಡ್ಡ ಶಿಕ್ಷೆಯಾಯಿತು. ಡೇರೆಗಳಲ್ಲಿ ವಾಸ, ಹಗಲೆಲ್ಲ ಮರ ಕಡಿದು, ಬೇರು ಕಿತ್ತು, ನೆಲವನ್ನು ಹಸನು ಮಾಡುವ ದುಡಿಮೆ. ರೋಗರುಜಿನಗಳಿಗೆ ಅನೇಕರು ಬಲಿಯಾದರು. ಬೆಳೆದ ಮುಸುಕಿನ ಜೋಳಕ್ಕೆ ಆನೆಗಳೂ ಕಾಡುಹಂದಿಗಳೂ ಪಾಲುದಾರರಾದವು!

ಒಬ್ಬೊಬ್ಬರಿಂದ ಆಗದ ಕೆಲಸ ಸಹಕಾರ ಸಂಘದಿಂದ ಆಯಿತು. ಉಳುವ ಟ್ರಾಕ್ಟರು, ಬೀಜ, ಫಸಲಿನ ಮಾರಾಟ ಎಲ್ಲವೂ ಸಂಘದ ಮೂಲಕ ನಡೆದವು. ರತ್ನಗಂಬಳಿಯ ನೇಯ್ಗೆಯೂ ಬಂದಿತು. ಬೇಸಾಯ ಮುಗಿದ ಮೇಲೆ ಚಳಿಗಾಲದಲ್ಲಿ ನಗರಗಳಿಗೆ ಹೋಗಿ ಸ್ವೆಟರು ಮಾರುವುದನ್ನೂ ಇವರು ರೂಢಿಸಿಕೊಂಡರು. 1969ರಲ್ಲಿ ಎರಡನೆಯ ನೆಲೆವೀಡು ಸ್ಥಾಪನೆಯಾಯಿತು. 1963ರಲ್ಲಿ ಸಣ್ಣದಾಗಿ ಆರಂಭವಾದ ನಾಮ್‌ದ್ರೋಲಿಂಗ್ ವಿಹಾರದಲ್ಲಿ 1999ರಲ್ಲಿ ಸ್ವರ್ಣದೇಗುಲವು ಪೂರ್ಣಗೊಂಡ ಮೇಲೆ ಪ್ರವಾಸಿಗರು ತಂಡೋಪತಂಡವಾಗಿ ಬರತೊಡಗಿದರು.

ಇದರ ಫಲ ಬಂದವರಿಗಷ್ಟೇ ಸೀಮಿತವಾಗಲಿಲ್ಲ. ಕಾವೇರಿಯಾಚೆಯ ಕುಶಾಲನಗರದ ಅಂಗಡಿಕಾರರು, ಆಟೋ ಓಡಿಸುವವರು, ಸುತ್ತಲಿನ ಹಳ್ಳಿಗಳ ಕೂಲಿಕಾರರು, ಎಲ್ಲರಿಗೂ ಕೆಲಸ ದೊರೆಯಿತು. ಕನ್ನಡದಲ್ಲಿ ಚೌಕಾಶಿ ಮಾಡುವ ಟಿಬೆಟನ್ ವ್ಯಾಪಾರಿ ಅಲ್ಲಿ ಅಪರೂಪವಲ್ಲ. ಆದರೂ, ನಮ್ಮಲ್ಲೇ ಭೂಮಿಯಿಲ್ಲದವರು ಇರುವಾಗ ಪರದೇಶದವರಿಗೆ ಏಕೆ ಎಂಬ ಪ್ರಶ್ನೆ ಸುತ್ತಲಿನವರಲ್ಲಿ ಏಳದಿರಲಿಲ್ಲ. ಆ ಪ್ರಶ್ನೆಯನ್ನು ಬರಿಯ ಅಸೂಯೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಈಚಿನ ವರ್ಷಗಳಲ್ಲಿ ಅಲ್ಲಿನ ತರುಣರು ಅಮೆರಿಕ, ಕೆನಡಾ, ಯೂರೋಪುಗಳಿಗೆ ಹೊರಟುಹೋಗುತ್ತಿದ್ದಾರೆ. ಹಿರಿಯರು ಕಾಡು ಕಡಿದು ಹಸನು ಮಾಡಿದ ಎಷ್ಟೋ ಹೊಲಗಳಲ್ಲಿ ಇಂದು ದುಡಿಯುವವರು ನೆರೆಹಳ್ಳಿಗಳ ಕನ್ನಡಿಗರು. ಭೂಮಿ ಮಾತ್ರ ಸರ್ಕಾರದ್ದು. ಟಿಬೆಟನ್ನರಿಗೆ ಅದು ಈಗಲೂ ಗುತ್ತಿಗೆಯ ನೆಲ.