ಆಫ್ರಿಕದ ಲೇಖಕರೂ ವಿಡಂಬನೆಯೂ

ಆಳುವವನಿಗೆ ಆಳಿಸಿಕೊಳ್ಳುವವನ ಮೇಲೆ ಎರಡು ಬಗೆಯ ಅಧಿಕಾರವುಂಟು. ಕಂದಾಯ ಎತ್ತುವುದು, ಗಡಿ ಎಳೆಯುವುದು, ಜೈಲಿಗೆ ಕಳುಹಿಸುವುದು ಒಂದು ಬಗೆ. ಅವನು ಎಂಥವನೆಂದು ವರ್ಣಿಸುವುದು ಇನ್ನೊಂದು. ಮೊದಲನೆಯದು ಸ್ವಾತಂತ್ರ್ಯ ಬಂದ ದಿನ ಬಾವುಟದೊಡನೆ ಕೆಳಗಿಳಿಯುತ್ತದೆ. ಎರಡನೆಯದು ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ಪಠ್ಯಪುಸ್ತಕದಲ್ಲಿ, ಪ್ರವಾಸಕಥನದಲ್ಲಿ, ಚಲಚ್ಚಿತ್ರದಲ್ಲಿ ಉಳಿದುಕೊಂಡು, ಕೊನೆಗೆ ವರ್ಣಿಸಿಕೊಂಡವನ ಮನಸ್ಸಿನಲ್ಲಿಯೇ ಮನೆಮಾಡುತ್ತದೆ. ಆಫ್ರಿಕದ ಜನರ ಪಾಲಿಗೆ ಬಂದ ವರ್ಣನೆ ಎಂಥದೆಂಬುದು ಎಲ್ಲರಿಗೂ ತಿಳಿದದ್ದೇ: ಕತ್ತಲೆಯ ಖಂಡ, ಮಕ್ಕಳ ಬುದ್ಧಿಯ ಜನ, ಕಾಡು, ತಮಟೆ, ಕುಣಿತ. ಇದಕ್ಕೆ ಉತ್ತರ ಕೊಡಹೊರಟ ಲೇಖಕನು ಕೋಪದಿಂದ ವಾದಿಸಬಹುದು. ಇಲ್ಲವೆ ವರ್ಣಿಸಿದವನನ್ನೇ ವರ್ಣಿಸಿ ನಗಬಹುದು. ವಾದಕ್ಕೆ ಪ್ರತಿವಾದ ಹೂಡಬಹುದು. ನಗೆಗೆ ಎದುರುತ್ತರ ಹುಡುಕುವುದು ಕಷ್ಟ. ವಸಾಹತೋತ್ತರ ಲೇಖಕರಲ್ಲಿ ಎರಡನೆಯ ದಾರಿ ಹಿಡಿದವರೇ ಹೆಚ್ಚು ದೂರ ಹೋದರೆಂದು ನನ್ನ ಎಣಿಕೆ.

ನೈಜೀರಿಯದ ಇಬಾದಾನಿನಲ್ಲಿ ಯೂನಿವರ್ಸಿಟಿ ಕಾಲೇಜು ಸ್ಥಾಪಿತವಾದದ್ದು 1948ರಲ್ಲಿ. ಅದರ ಮೊದಮೊದಲ ವಿದ್ಯಾರ್ಥಿಗಳಲ್ಲಿ ಚಿನುಅ ಅಚೆಬೆ (1930-2013) ಒಬ್ಬರು. ಜಾಯ್ಸ್ ಕೇರಿ ಎಂಬ ಲೇಖಕ 1939ರಲ್ಲಿ ಪ್ರಕಟಿಸಿದ 'ಮಿಸ್ಟರ್ ಜಾನ್ಸನ್' ಎಂಬ ಕಾದಂಬರಿಯನ್ನು ಆ ತರಗತಿಗೆ ಪಾಠ ಹೇಳುತ್ತಿದ್ದರು. ಕೇರಿ ನೈಜೀರಿಯದಲ್ಲಿ ಅಧಿಕಾರಿಯಾಗಿದ್ದವನು. ಪಶ್ಚಿಮದ ಪತ್ರಿಕೆಗಳು ಅವನ ಕೃತಿಯನ್ನು ಬಹಳವಾಗಿ ಕೊಂಡಾಡಿದ್ದುವು. ಅದರ ನಾಯಕ ಜಾನ್ಸನ್ ಒಬ್ಬ ಗುಮಾಸ್ತ; ಸದಾ ನಗುನಗುತ್ತಿರುವ ಪೆದ್ದ, ಬಿಳಿಯ ದೊರೆಯನ್ನು ದೇವರೆಂದು ನಂಬಿದವನು. ಕಡೆಗೆ ಆ ದೊರೆಯ ಗುಂಡಿನಿಂದಲೇ ಅವನು ಸಾಯುತ್ತಾನೆ. ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು ತನ್ನ ಇಂಗ್ಲಿಷ್ ಅಧ್ಯಾಪಕರಿಗೆ, ಇಡೀ ಪುಸ್ತಕದಲ್ಲಿ ತನಗೆ ಸಂತೋಷ ಕೊಟ್ಟದ್ದು ಜಾನ್ಸನ್ನನಿಗೆ ಗುಂಡೇಟು ಬಿದ್ದ ಘಳಿಗೆ ಮಾತ್ರ ಎಂದನಂತೆ. ಅಚೆಬೆ ಈ ಸಂಗತಿಯನ್ನು 2000ದಲ್ಲಿ ಪ್ರಕಟವಾದ 'ಹೋಮ್ ಅಂಡ್ ಎಕ್ಸೈಲ್' ಎಂಬ ಪುಸ್ತಕದಲ್ಲಿ ನೆನೆದಿರುವರು. ಅಧ್ಯಾಪಕರು ಮೆಚ್ಚಿ ಪಾಠ ಹೇಳುತ್ತಿದ್ದ ಪಾತ್ರದಲ್ಲಿ ವಿದ್ಯಾರ್ಥಿಗಳಿಗೆ ತಮ್ಮ ತಂದೆಯಾಗಲಿ ಅಣ್ಣನಾಗಲಿ ಕಾಣಿಸಲಿಲ್ಲ. ಒಂದು ಸಾಹಿತ್ಯವೇ ಆ ತರಲೆ ಮಾತಿನಿಂದ ಮೊಳೆಯಿತೆಂದರೆ ಉತ್ಪ್ರೇಕ್ಷೆಯಾದೀತು. ಆದರೆ ಬೀಜ ಅಲ್ಲಿತ್ತು.

1958ರಲ್ಲಿ ಹೊರಬಂದ ಅಚೆಬೆಯವರ 'ಥಿಂಗ್ಸ್ ಫಾಲ್ ಅಪಾರ್ಟ್' ಒಂದು ದುರಂತಕಥೆ. ಆದರೂ ಅದರ ಕೊನೆಯ ಪುಟದಲ್ಲಿ ವಿಡಂಬನೆಯ ಮೊನೆಯೊಂದಿದೆ. ಅಷ್ಟೊಂದು ಪುಟಗಳ ಉದ್ದಕ್ಕೂ ನಾವು ಜೊತೆಯಲ್ಲಿ ಬಾಳಿದ ಒಕೊಂಕ್ವೊ ನೇಣು ಹಾಕಿಕೊಂಡಿದ್ದಾನೆ. ಆಗ ಜಿಲ್ಲಾ ಕಮೀಷನರನ ಮನಸ್ಸಿಗೆ ಬರುವುದು ತಾನು ಬರೆಯಬೇಕೆಂದಿರುವ ಪುಸ್ತಕ. ಈ ಮನುಷ್ಯನ ವಿಷಯ ಒಂದು ಅಧ್ಯಾಯಕ್ಕೆ ಆದೀತೇ? ಬೇಡ, ಒಂದು ಪ್ಯಾರಾ ಸಾಕು ಎಂದು ಆತ ತೀರ್ಮಾನಿಸುತ್ತಾನೆ. ಅನಾಗರಿಕ ಬುಡಕಟ್ಟುಗಳಿಗೆ ಶಾಂತಿ ತಂದುಕೊಟ್ಟ ವೃತ್ತಾಂತವೆಂದು ಪುಸ್ತಕದ ಹೆಸರೂ ಸಿದ್ಧವಾಗಿದೆ. ಲೇಖಕರು ಒಂದು ಕಟುಮಾತನ್ನೂ ಆಡುವುದಿಲ್ಲ. ಆತ ಲೇಖನಿ ಹಿಡಿಯುವ ಮೊದಲೇ ನಾವು ಅವನ ಪುಸ್ತಕವನ್ನು ಓದಿ ಮುಗಿಸಿದಂತಾಗುತ್ತದೆ.

ಅಚೆಬೆಯವರ ನಗೆ ತುಟಿಯಂಚಿನದು. ಹೊಟ್ಟೆ ಹಿಡಿದುಕೊಂಡು ನಗಬೇಕೆನ್ನುವವರು ಕ್ಯಾಮರೂನಿನ ಫರ್ಡಿನಾಂಡ್ ಒಯೋನೊ (1929-2010) ಬರೆದದ್ದನ್ನು ಓದಬೇಕು. ಅವರು ಫ್ರೆಂಚಿನಲ್ಲಿ ಬರೆದವರು. ಮುದುಕ ಮತ್ತು ಪದಕ ಎಂಬರ್ಥದ ಹೆಸರುಳ್ಳ ಅವರ ಕಾದಂಬರಿ 1956ರಲ್ಲಿ, ಎಂದರೆ ದೇಶ ಸ್ವತಂತ್ರವಾಗುವುದಕ್ಕೆ ನಾಲ್ಕು ವರ್ಷ ಮೊದಲೇ ಪ್ರಕಟವಾಯಿತು. ಮೆಕಾ ಎಂಬ ಮುದಿ ರೈತ ತನ್ನ ಜಮೀನನ್ನು ಪಾದ್ರಿಗಳ ಮಿಷನ್ನಿಗೆ ಕೊಟ್ಟಿದ್ದಾನೆ. ಇಬ್ಬರು ಗಂಡುಮಕ್ಕಳನ್ನು ಫ್ರಾನ್ಸಿನ ಯುದ್ಧಕ್ಕೆ ಕೊಟ್ಟು ಕಳೆದುಕೊಂಡಿದ್ದಾನೆ. ಪ್ರತಿಯಾಗಿ ಸರ್ಕಾರ ಅವನಿಗೊಂದು ಪದಕ ಕೊಡುತ್ತದೆ! ಜುಲೈ 14, ಫ್ರೆಂಚರ ರಾಷ್ಟ್ರೀಯ ಹಬ್ಬದ ದಿನ. ಸುಣ್ಣದಿಂದ ಬರೆದ ಒಂದು ವೃತ್ತದೊಳಗೆ ಅವನನ್ನು ನಿಲ್ಲಿಸುತ್ತಾರೆ. ನೆತ್ತಿಯ ಮೇಲೆ ಬಿಸಿಲು, ಅಭ್ಯಾಸವಿಲ್ಲದ ಕಾಲಿಗೆ ಬಿಗಿಯಾದ ಬೂಟು, ಸಾಲದ್ದಕ್ಕೆ ಜಲಬಾಧೆ. ದೊಡ್ಡ ದೊರೆ ಬರುವುದು ತಡ. ವೃತ್ತ ಬಿಟ್ಟು ಕದಲುವಂತಿಲ್ಲ. ಸಾಮ್ರಾಜ್ಯದ ಗೌರವವೆಂದರೇನೆಂಬುದನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ಚಿತ್ರವನ್ನು ನಾನು ಬೇರೆ ಕಾಣೆ. ಹತ್ತು ಭಾಷಣಗಳು ಹೇಳಲಾರದುದನ್ನು ಆ ಸುಣ್ಣದ ಗೆರೆ ಹೇಳುತ್ತದೆ.

ಪದಕವೇನೋ ಎದೆಗೇರುತ್ತದೆ. ಔತಣದಲ್ಲಿ ಸ್ನೇಹದ ಮಾತುಗಳೂ ಆಗುತ್ತವೆ. ಅದೇ ರಾತ್ರಿ ಮಳೆಗಾಳಿಯಲ್ಲಿ ಪದಕ ಕಳೆದುಹೋಗಿ, ದಾರಿ ತಪ್ಪಿ ಬಿಳಿಯರ ಬಡಾವಣೆಗೆ ಬಂದ ಮೆಕಾನನ್ನು ಪೋಲೀಸರು ಹಿಡಿದು ಕೂಡಿಹಾಕುತ್ತಾರೆ. ಬೆಳಿಗ್ಗೆ ಸನ್ಮಾನಿತನಾದವನು ರಾತ್ರಿಗೆ ಮತ್ತೆ ಗುರುತಿಲ್ಲದ ಒಬ್ಬ ಕರಿಯ. ಮರುದಿನ ಅವನು ಮನೆಗೆ ಬಂದಾಗ ನೆಂಟರಿಷ್ಟರು ಮೊದಲು ಅಳುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಹಾಸ್ಯ ಆರಂಭಿಸುತ್ತಾರೆ. ನೀನು ಬರಿಯ ಲಂಗೋಟಿಯಲ್ಲಿ ಹೋಗಿದ್ದರೆ ದೊರೆ ಪದಕವನ್ನು ಎಲ್ಲಿ ಚುಚ್ಚುತ್ತಿದ್ದ, ಎಷ್ಟು ಬಗ್ಗಬೇಕಾಗುತ್ತಿತ್ತು ಎಂದು ಒಬ್ಬ ಕೇಳಿದಾಗ ಮನೆಯೇ ನಗೆಯಲ್ಲಿ ಮುಳುಗುತ್ತದೆ. ಮಕ್ಕಳ ಬುದ್ಧಿಯ ಜನರೆಂದು ಯಾರನ್ನು ಕರೆದಿದ್ದರೋ ಅವರು ಎಲ್ಲವನ್ನೂ ಅರ್ಥಮಾಡಿಕೊಂಡಿದ್ದಾರೆ. ಇಂಥ ಪುಸ್ತಕ ಬರೆದ ಒಯೋನೊ ಮುಂದೆ ಸ್ವತಂತ್ರ ಕ್ಯಾಮರೂನಿನ ರಾಯಭಾರಿಯಾಗಿ, ಮಂತ್ರಿಯಾಗಿ ಬಾಳಿದರು. 1960ರ ಮೂರನೆಯ ಕಾದಂಬರಿಯ ನಂತರ ಮತ್ತೊಂದನ್ನು ಪ್ರಕಟಿಸಲಿಲ್ಲ. ಏಕೆಂಬುದನ್ನು ವಾಚಕರು ತಮಗೆ ತೋರಿದಂತೆ ಊಹಿಸಿಕೊಳ್ಳಬಹುದು.

ಪರರನ್ನು ಕಂಡು ನಗುವುದಕ್ಕಿಂತ ತಮ್ಮವರನ್ನು ಕಂಡು ನಗುವುದು ಕಷ್ಟ. ಉಗಾಂಡದ ಒಕೋಟ್ ಪಬಿಟೆಕ್ 1966ರ 'ಸಾಂಗ್ ಆಫ್ ಲಾವಿನೊ' ಎಂಬ ದೀರ್ಘಕಾವ್ಯದಲ್ಲಿ ಈ ಕೆಲಸ ಮಾಡಿದರು. ಓದಿದ ಗಂಡ ಒಕೋಲ್ ಹಳ್ಳಿಯ ಹೆಂಡತಿ ಲಾವಿನೊಳನ್ನು ಅನಾಗರಿಕಳೆಂದು ಜರೆದು, ಪೌಡರು ಬಳಿದುಕೊಂಡ ನಗರದ ಹೆಣ್ಣಿಗೆ ಒಲಿದಿದ್ದಾನೆ. ಲಾವಿನೊ ಅವರ ನೃತ್ಯ, ಗಡಿಯಾರ, ಊಟ ಒಂದೊಂದನ್ನೂ ಹೀಯಾಳಿಸುತ್ತ ಹಾಡುತ್ತಾಳೆ. ಬಿಳಿಯರ ಕಣ್ಣನ್ನು ಎರವಲು ತಂದು ತನ್ನ ಮನೆಯವರನ್ನು ನೋಡುವ ವಿದ್ಯಾವಂತ ಇಲ್ಲಿ ನಗೆಪಾಟಲಾಗಿದ್ದಾನೆ. ಕಾಲೇಜು ಮೆಟ್ಟಿಲು ಹತ್ತಿದ ನಮ್ಮಲ್ಲಿ ಎಷ್ಟೋ ಮಂದಿಗೆ ಒಕೋಲನ ಮುಖ ಪರಿಚಿತವೆನಿಸೀತು.

ಇತ್ತೀಚಿನವರಲ್ಲಿ ಕೀನ್ಯದ ಬಿನ್ಯಾವಾಂಗ ವೈನೈನ (1971-2019) ಅವರ ಒಂದು ಕಿರುಲೇಖನ ಲೋಕಪ್ರಸಿದ್ಧವಾಗಿದೆ. ಆಫ್ರಿಕವನ್ನು ಕುರಿತು ಬರೆಯುವುದು ಹೇಗೆಂದು ಉಪದೇಶಿಸುವ ಆ ಲೇಖನ 2005ರಲ್ಲಿ ಲಂಡನ್ನಿನ 'ಗ್ರಾಂಟಾ' ಪತ್ರಿಕೆಯಲ್ಲಿ ಅಚ್ಚಾಯಿತು. ನಮ್ಮ ಆಲಂಕಾರಿಕರು ವ್ಯಾಜಸ್ತುತಿ ಎನ್ನುವ ಬಗೆಗೆ ಇದು ಹತ್ತಿರ. ಇಡೀ ಖಂಡವನ್ನು ಒಂದೇ ದೇಶವೆಂದು ತಿಳಿದು ಬರೆಯಬೇಕಂತೆ. ಸುಖವಾಗಿ ಬಾಳುತ್ತಿರುವವರ ಚಿತ್ರ ರಕ್ಷಾಪುಟದಲ್ಲಿ ಬರಕೂಡದಂತೆ. ಆನೆ, ಸಿಂಹಗಳಿಗೆ ಒಳ್ಳೆಯ ಸಂಸಾರವನ್ನೂ ಸೂಕ್ಷ್ಮ ಮನಸ್ಸನ್ನೂ ಕೊಟ್ಟು, ಮನುಷ್ಯರಿಗೆ ಮಾತ್ರ ಅದನ್ನು ಕೊಡಬಾರದಂತೆ. ಬೈಗುಳ ಒಂದೂ ಇಲ್ಲ. ಆದರೆ ಅದನ್ನು ಓದಿದ ಮೇಲೆ ಹಳೆಯ ಅಚ್ಚಿನಲ್ಲಿ ಎರಕ ಹೊಯ್ಯಹೊರಟವನ ಕೈ ಒಂದು ಕ್ಷಣ ತಡೆಯದೆ ಇರದು.

54 ದೇಶಗಳುಳ್ಳ ಖಂಡವನ್ನು ಒಂದೇ ದೇಶವೆನ್ನುವುದು ಪಶ್ಚಿಮದವರ ರೋಗ ಮಾತ್ರವೆಂದು ನಾವು ನೆಮ್ಮದಿಯಿಂದಿರುವಂತಿಲ್ಲ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸೂಡಾನಿನವನೊಬ್ಬನ ಕಾರು ಬಡಿದು ಸ್ಥಳೀಯ ಮಹಿಳೆಯೊಬ್ಬರು ಮೃತರಾದರು. ಸ್ವಲ್ಪ ಹೊತ್ತಿನ ಮೇಲೆ ಆ ದಾರಿಯಲ್ಲಿ ಬಂದ, ಅಪಘಾತದ ಸಂಬಂಧವೇ ಇಲ್ಲದ ಟಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪೊಂದು ಹಲ್ಲೆ ನಡೆಸಿತು. ಅನ್ನ ಬೆಂದಿದೆಯೆ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು. ಮನುಷ್ಯರ ವಿಷಯದಲ್ಲಿ ಆ ಲೆಕ್ಕ ನಡೆಯದು. ವೈನೈನರ ಲೇಖನ ನಮ್ಮ ತರಗತಿಗಳಲ್ಲಿಯೂ ಪಾಠವಾಗಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ.

ಮೈಸೂರಿನಲ್ಲಿ ನೆಲೆಸಿದ್ದ ಆರ್. ಕೆ. ನಾರಾಯಣ್ ಅವರ 'ಎ ಹಾರ್ಸ್ ಅಂಡ್ ಟೂ ಗೋಟ್ಸ್' ಕಥೆಯೂ ಈ ಜಾತಿಗೆ ಸೇರಿದ್ದು. ಅಮೆರಿಕದ ಪ್ರವಾಸಿಯೊಬ್ಬ ಊರ ಹೊರಗಿನ ಕುದುರೆಯ ಮೂರ್ತಿಯನ್ನು ಕೊಂಡೆನೆಂದು ತಿಳಿಯುತ್ತಾನೆ. ಬಡ ಮುನಿ ತನ್ನ ಎರಡು ಆಡುಗಳನ್ನು ಮಾರಿದೆನೆಂದು ತಿಳಿಯುತ್ತಾನೆ. ಆದರೆ ನಾರಾಯಣರ ನಗೆ ಇಬ್ಬರನ್ನೂ ಸಮನಾಗಿ ಕ್ಷಮಿಸಿಬಿಡುತ್ತದೆ. ಒಯೋನೊ ಕ್ಷಮಿಸುವುದಿಲ್ಲ. ನನ್ನ ಮೆಚ್ಚಿಗೆ ಒಯೋನೊ ಕಡೆಗೆ ತುಸು ಹೆಚ್ಚು.

ಇವರೆಲ್ಲರ ಬರಹದಲ್ಲಿ ಒಂದು ತೊಡಕು ಉಳಿದೇ ಇದೆ. ಅಚೆಬೆ, ವೈನೈನ ಅಚ್ಚಾದದ್ದು ಲಂಡನ್ನಿನಲ್ಲಿ, ಒಯೋನೊ ಪ್ಯಾರಿಸಿನಲ್ಲಿ. ಯಾರನ್ನು ಕಂಡು ನಕ್ಕರೋ ಅವರ ಭಾಷೆಯಲ್ಲಿ, ಅವರ ಅಚ್ಚುಕೂಟದಿಂದಲೇ ನಗೆ ಹೊರಡಬೇಕಾಯಿತು. ಇದನ್ನು ಮನಗಂಡವರು ಕೀನ್ಯದ ಙೂಗಿ ವಾ ಥಿಯೊಂಗೊ (1938-2025). ಗಿಕುಯು ಭಾಷೆಯಲ್ಲಿ ಹಳ್ಳಿಗರೊಡನೆ ನಾಟಕವಾಡಿಸಿದ ಮೇಲೆ ಅವರನ್ನು 1977ರ ಕೊನೆಯಲ್ಲಿ ಬಂಧಿಸಿದರು. ಬಂಧಿಸಿದ್ದು ಬಿಳಿಯರ ಸರ್ಕಾರವಲ್ಲ, ಸ್ವತಂತ್ರ ಕೀನ್ಯದ ಸರ್ಕಾರ. ಜೈಲಿನಲ್ಲಿ ಶೌಚದ ಕಾಗದದ ಮೇಲೆ ಅವರು ಗಿಕುಯುವಿನಲ್ಲಿಯೇ ಬರೆದ ಕಾದಂಬರಿ 1980ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಳ್ಳರ ಸ್ಪರ್ಧೆಯೊಂದು ನಡೆಯುತ್ತದೆ. ವಿದೇಶೀ ಯಜಮಾನರೆದುರು ನಾಡಿನ ಶ್ರೀಮಂತರು ತಮ್ಮ ತಮ್ಮ ಕಳ್ಳತನದ ಹಿರಿಮೆಯನ್ನು ಕೊಚ್ಚಿಕೊಳ್ಳುತ್ತಾರೆ. ಒಬ್ಬನಂತೂ ಮಣ್ಣನ್ನು ತಟ್ಟೆಯ ಲೆಕ್ಕದಲ್ಲಿಯೂ ಗಾಳಿಯನ್ನು ಡಬ್ಬಿಯಲ್ಲಿ ತುಂಬಿಯೂ ಬಡವರಿಗೆ ಮಾರುವ ಹಂಚಿಕೆಯನ್ನು ಮುಂದಿಡುತ್ತಾನೆ. ಓದು ಬಾರದವರಿಗೆ ಈ ಪುಸ್ತಕವನ್ನು ಮನೆಗಳಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿದ್ದರೆಂದು ಙೂಗಿ ಬರೆದಿರುವರು. ಹೆಂಡದಂಗಡಿಗಳಲ್ಲಿಯೂ ಓದು ನಡೆಯುತ್ತಿತ್ತಂತೆ. ಕಥೆ ರಂಗೇರಿದ ಜಾಗಕ್ಕೆ ಸರಿಯಾಗಿ ಓದುವವನು ತನ್ನ ಲೋಟ ಬರಿದಾಗಿದೆಯೆಂದು ನಿಲ್ಲಿಸಿಬಿಡುತ್ತಿದ್ದ. ಕೇಳುವವರಲ್ಲಿ ಯಾರಾದರೊಬ್ಬರು ಅದನ್ನು ತುಂಬಿಸಿದ ಮೇಲೆಯೇ ಪುಟ ಮಗುಚುತ್ತಿದ್ದ.