ನಾಲ್ಕನೆಯವಳ ಲೆಕ್ಕ

ಓಟದಲ್ಲಿ ಮೊದಲು ಗುರಿ ಮುಟ್ಟಿದವರದೇ ಗೆಲುವು ಎಂದು ನಾವೆಲ್ಲ ತಿಳಿದಿದ್ದೇವೆ. ಆದರೆ ಮಕ್ಕಳೇ, ಕಾಲೇಜಿನವರು ‘ಕ್ರಾಸ್ ಕಂಟ್ರಿ’ ಎನ್ನುವ ಗುಡ್ಡಗಾಡು ಓಟದಲ್ಲಿ ಮೊದಲು ಬಂದವನ ತಂಡವೇ ಸೋಲಬಹುದು! ಬಿ.ಕಾಂ. ಓದಿ, ಬ್ಯಾಂಕಿನ ಕೌಂಟರಿನಲ್ಲಿ ಕೂಡಿಸಿ ಕಳೆಯುತ್ತಲೇ ತಲೆ ನರೆತ ನನಗೆ ಈ ಲೆಕ್ಕ ಬಹಳ ಹಿಡಿಸಿತು.

ಹೇಳಿಕೊಟ್ಟವರು ಒಂದು ಕಾಲೇಜಿನ ಪಿ.ಡಿ. ಮೇಷ್ಟ್ರು. ರಾಗಿ ತೆನೆ ಕಟ್ಟುವ ಹೊತ್ತಿಗೆ ಅವರ ಓಟದ ಕಾಲ ಶುರು. ವಾರಕ್ಕೆ ಮೂರು ದಿನ, ಬೆಳಕು ಹರಿಯುವ ಮೊದಲೇ, ಹುಡುಗ ಹುಡುಗಿಯರನ್ನು ನಮ್ಮ ಸಾಸಲು ಕಡೆಗೆ ಕರೆತರುತ್ತಾರೆ. ಈ ಓಟಕ್ಕೆ ಸಮತಟ್ಟಾದ ಮೈದಾನ ಸಾಲದು. ಕೆರೆ ಏರಿ ಹತ್ತಬೇಕು, ಹೊಲದ ಬದು ದಾಟಬೇಕು, ನೀಲಗಿರಿ ತೋಪಿನ ತರಗೆಲೆಯ ಮೇಲೆ ಜಾರದೆ ಇಳಿಯಬೇಕು. ನನ್ನ ವಾಕಿಂಗಿನ ದಾರಿಯೂ ಅದೇ ಆದ್ದರಿಂದ ಮೇಷ್ಟ್ರು ಒಂದು ಸ್ಟಾಪ್‌ವಾಚ್ ಕೊಟ್ಟು ನನ್ನನ್ನು ಏರಿಯ ಮೇಲೆ ನಿಲ್ಲಿಸಿದ್ದಾರೆ. ಎಪ್ಪತ್ತು ದಾಟಿದ ಮೇಲೆ ಮತ್ತೆ ಡ್ಯೂಟಿ, ಸಂಬಳವಿಲ್ಲ ಅಷ್ಟೆ.

ಈಗ ಲೆಕ್ಕಕ್ಕೆ ಬರೋಣ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಂದು ದೇಶದ ಪರವಾಗಿ ಆರು ಮಂದಿ ಓಡುತ್ತಾರೆ. ಅವರಲ್ಲಿ ಮೊದಲು ಮುಟ್ಟಿದ ನಾಲ್ವರ ಸ್ಥಾನಗಳನ್ನು ಕೂಡಿಸುತ್ತಾರೆ. ಮೊತ್ತ ಕಡಿಮೆ ಇದ್ದ ತಂಡ ಗೆಲ್ಲುತ್ತದೆ. ಒಂದು ತಂಡದವರು 1, 2, 20, 25ನೆಯವರಾಗಿ ಬಂದರು ಎನ್ನಿ. ಮೊತ್ತ 48. ಇನ್ನೊಂದು ತಂಡದವರು 8, 9, 10, 11. ಮೊತ್ತ 38. ಮೊದಲನೆಯ, ಎರಡನೆಯ ಸ್ಥಾನ ಹಿಡಿದವರ ತಂಡ ಬರಿಗೈಲಿ! ನಾಲ್ವರು ಗುರಿ ಮುಟ್ಟದಿದ್ದರಂತೂ ಆ ತಂಡ ಪಟ್ಟಿಯಲ್ಲೇ ಇರುವುದಿಲ್ಲ. ನಮ್ಮ ಮೇಷ್ಟ್ರು ಅಭ್ಯಾಸ ಮಾಡಿಸುವುದೂ ಈ ಲೆಕ್ಕದಲ್ಲೇ.

1924ರ ಪ್ಯಾರಿಸ್ ಒಲಿಂಪಿಕ್ಸ್ ಕಥೆಯನ್ನು ಅವರು ಪ್ರತಿವರ್ಷ ಹೊಸ ಹುಡುಗರಿಗೆ ಹೇಳುತ್ತಾರೆ. ಜುಲೈ ತಿಂಗಳ ಉರಿಬಿಸಿಲು. ಓಟಕ್ಕಿಳಿದವರು 38 ಮಂದಿ, ಮುಗಿಸಿದವರು 15 ಮಂದಿ. ಫಿನ್ಲೆಂಡಿನ ಪಾವೊ ನುರ್ಮಿ ಮೊದಲಿಗ, ಅದೇ ದೇಶದ ರಿಟೋಲಾ ಎರಡನೆಯವನು. ಅಂದು ತಂಡಕ್ಕೆ ಮೂವರ ಲೆಕ್ಕ. ಮೂರನೆಯವನಾದ ಲೀಮಟೈನನ್ ಬಿಸಿಲಿಗೆ ಬಸವಳಿದು, ಗೆರೆ ಇನ್ನೇನು ಹತ್ತಿರವಿದೆ ಎನ್ನುವಾಗ ದಿಕ್ಕು ತಪ್ಪಿ ನಿಂತುಬಿಟ್ಟ. ಜನ ಕೂಗಿದರು. ಹೇಗೋ ತೂರಾಡುತ್ತ ಗೆರೆ ದಾಟಿದ, ಹನ್ನೆರಡನೆಯವನಾಗಿ. ತಂಡದ ಚಿನ್ನ ಉಳಿದದ್ದು ಅವನಿಂದ. ಆಮೇಲೆ ಒಲಿಂಪಿಕ್ಸ್‌ನಿಂದ ಈ ಓಟವನ್ನೇ ತೆಗೆದುಹಾಕಿದರು.

‘ನುರ್ಮಿಯಂಥವನಿಗೆ ಕೋಚ್ ಕೂಗಬೇಕಾಗಿಲ್ಲ ಸಾರ್, ಲೀಮಟೈನನ್‌ಗೆ ಬೇಕು’ ಎನ್ನುತ್ತಾರೆ ಮೇಷ್ಟ್ರು. ಅದಕ್ಕೇ ಅವರು ಗುರಿಯ ಬಳಿ ನಿಲ್ಲುವುದಿಲ್ಲ. ಏಳನೆಯ ಕಿಲೋಮೀಟರಿನ ಏರಿನಲ್ಲಿ ನಿಲ್ಲುತ್ತಾರೆ. ಕಾಲು ಸೋಲುವ ಮೊದಲು ಮನಸ್ಸು ಸೋಲುವುದು ಅಲ್ಲಂತೆ. ಮೊದಲ ಕಿಲೋಮೀಟರಿನಲ್ಲೇ ನುಗ್ಗುವವರನ್ನು ಕಂಡರೆ ಅವರಿಗೆ ಸಿಟ್ಟು. ನನಗೋ, ಒಂದನೇ ತಾರೀಕೇ ಸಂಬಳವೆಲ್ಲ ಡ್ರಾ ಮಾಡುತ್ತಿದ್ದ ಕೆಲವು ಗಿರಾಕಿಗಳ ನೆನಪು.

ಈ ಸಲ ಹುಡುಗಿಯರ ತಂಡದ ನಾಲ್ಕನೆಯವಳದೇ ಚಿಂತೆ. ಎರಡನೇ ಬಿ.ಕಾಂ. ಓದುವ ಹುಡುಗಿ. ತಂದೆ ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸಕ್ಕೆ ಹೋಗುತ್ತಾರೆ. ಮುಂದಿನ ತಿಂಗಳಿಂದ ಇವಳನ್ನೂ ಗಾರ್ಮೆಂಟ್ಸ್ ಕೆಲಸಕ್ಕೆ ಹಚ್ಚುವ ಮಾತು ಮನೆಯಲ್ಲಿ. ಓಟವಂತೂ ಈಗಲೇ ಸಾಕು ಎಂದರು. ಮೇಷ್ಟ್ರು ಅವರ ಮನೆಗೆ ಹೊರಟರು. ಹುಡುಗಿಯ ಅಜ್ಜಿ ನನಗೆ ಪರಿಚಯದವರಾದ್ದರಿಂದ ನಾನೂ ಹೋದೆ.

‘ಹೆಣ್ಣುಡ್ಗಿ ಕತ್ಲಲ್ಲಿ ಯಾಕ್ ಓಡ್ಬೇಕು ಸ್ವಾಮಿ?’ ಎಂದರು ಅಜ್ಜಿ.

ಇದು ಹೊಸ ಪ್ರಶ್ನೆಯಲ್ಲ. 1928ರ ಒಲಿಂಪಿಕ್ಸ್‌ನಲ್ಲಿ ಹೆಂಗಸರು 800 ಮೀಟರ್ ಓಡಿದ್ದೇ ಹೆಚ್ಚಾಯಿತೆಂದು ದೊಡ್ಡ ದೊಡ್ಡವರು ಆ ಓಟವನ್ನು 1960ರವರೆಗೆ ನಿಲ್ಲಿಸಿದ್ದರು. ಈಗ ವಿಶ್ವ ಕ್ರಾಸ್ ಕಂಟ್ರಿಯಲ್ಲಿ, 2017ರಿಂದ, ಗಂಡಸರಿಗೂ ಹೆಂಗಸರಿಗೂ ಒಂದೇ ದೂರ: 10 ಕಿ.ಮೀ. ಮೇಷ್ಟ್ರು ಇದನ್ನೆಲ್ಲ ಹೇಳಿದರು. ಅಜ್ಜಿ ಎಲೆ ಅಡಿಕೆ ಹಾಕಿಕೊಂಡು ಕೇಳಿಸಿಕೊಂಡರು.

‘ಇವ್ಳೇನು ಮೊದಲ್ನೇವ್ಳಲ್ವಲ್ಲ. ನಾಕ್ನೇವ್ಳು ಹೋದ್ರೆ ಏನ್ ನಷ್ಟ?’

ನಾನು ಬಳಪ ತೆಗೆದುಕೊಂಡು ಜಗಲಿಯ ಮೇಲೆ ಲೆಕ್ಕ ಬರೆದು ತೋರಿಸಿದೆ. ಅಜ್ಜಿಗೆ ಓದು ಬರದು, ಲೆಕ್ಕ ಚೆನ್ನಾಗಿ ಬರುತ್ತದೆ.

‘ಅಂಗಾರೆ ಐದ್ನೇವ್ಳ್ನ ಮುಂದಕ್ ಹಾಕ್ಕೊಳ್ಳಿ’ ಎಂದರು. ಒಳ್ಳೆಯ ಪ್ರಶ್ನೆಯೇ!

‘ಐದನೆಯವಳು ಇವಳಿಗಿಂತ ಮೂರು ನಿಮಿಷ ಹಿಂದೆ ಬರುತ್ತಾಳೆ ಕಣಮ್ಮ. ಅಷ್ಟರಲ್ಲಿ ಮೂವತ್ತು ಜನ ನುಗ್ಗಿಬಿಡುತ್ತಾರೆ’ ಎಂದರು ಮೇಷ್ಟ್ರು.

ಅಜ್ಜಿ ಮೊಮ್ಮಗಳ ಮುಖ ನೋಡಿದರು. ಹುಡುಗಿ ನೆಲ ನೋಡುತ್ತಿದ್ದಳು. ‘ಪಂದ್ಯ ಯಾವಾಗ?’

‘ಇನ್ನು ಹದಿನೇಳು ದಿನ.’

‘ಅಲ್ಲೀಗಂಟ ಓಡ್ಲಿ. ಆಮ್ಯಾಕೆ ಅವರಪ್ಪನ್ನ ಕೇಳಾನ.’

ಅಪ್ಪ ಏನೆನ್ನುತ್ತಾರೋ ಇನ್ನೂ ಗೊತ್ತಿಲ್ಲ. ಡಿಗ್ರಿಯಾದರೂ ಮುಗಿಸಲಿ ಎಂದು ನಾನೂ ಒಂದು ಮಾತು ಹಾಕುವವನಿದ್ದೇನೆ. ನಿನ್ನೆ ಮಂಜು ದಟ್ಟವಾಗಿತ್ತು. ಮೂವರು ಏರಿ ದಾಟಿದ 40 ಸೆಕೆಂಡಿಗೆ ನಾಲ್ಕನೆಯವಳು ಬಂದಳು. ಹೋದ ವಾರ ಅದು 55 ಇತ್ತು. ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.