ಹಿಸ್ಸಾ ಹರಿದರೂ ಉಳಿಯುವ ಲೆಕ್ಕ

ರಾಯಚೂರು, ಮಾನ್ವಿ, ದೇವದುರ್ಗದ ಕಡೆ ಹೊಲದ ಮಾತು ಬಂದರೆ ಮೊದಲು ಕೇಳುವುದು ಪಹಣಿ. ಬೆಳೆಸಾಲಕ್ಕೂ ಬೆಳೆವಿಮೆಗೂ ಅದೇ ಬೇಕು. ಅಣ್ಣತಮ್ಮಂದಿರು ಪಾಲಾದರೂ, ವ್ಯಾಜ್ಯ ಕೋರ್ಟು ಹತ್ತಿದರೂ ಅದೇ. ತುಂಗಭದ್ರಾ ಎಡದಂಡೆ ನಾಲೆ ಮಾನ್ವಿಗೆ, ನಾರಾಯಣಪುರ ಬಲದಂಡೆ ನಾಲೆ ದೇವದುರ್ಗಕ್ಕೆ ನೀರು ತಂದ ಮೇಲೆ ಹೊಲದ ಬೆಲೆ ಏರಿತು, ಜೊತೆಗೆ ಆ ಹಾಳೆಯ ಬೆಲೆಯೂ ಏರಿತು.

1956ರ ನವೆಂಬರ್ 1ರವರೆಗೆ ಈ ಸೀಮೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಕಾಲದ ಕಂದಾಯ ಕಡತಗಳು ಹೆಚ್ಚಾಗಿ ಉರ್ದುವಿನಲ್ಲಿವೆ. ಆಮೇಲಿನವು ಕನ್ನಡದಲ್ಲಿ, ಗ್ರಾಮ ಲೆಕ್ಕಿಗರ ಕೈಬರಹದಲ್ಲಿ. ಪಹಣಿ ಪುಸ್ತಕ ಲೆಕ್ಕಿಗರ ಬಳಿಯೇ ಇರುತ್ತಿತ್ತು. ಗೆದ್ದಲು ಹಿಡಿದರೆ, ಮಳೆಗೆ ನೆನೆದರೆ, ಯಾರೋ ಒಂದು ಅಂಕಿ ತಿದ್ದಿದರೆ ಹೋಲಿಸಿ ನೋಡಲು ರೈತನ ಕೈಯಲ್ಲಿ ಬೇರೇನೂ ಇರುತ್ತಿರಲಿಲ್ಲ. ರಾಜ್ಯದಲ್ಲಿ ಇಂಥ ಲೆಕ್ಕಿಗರು ಸುಮಾರು 9,000 ಮಂದಿ ಇದ್ದರು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ನಡೆದ ‘ಭೂಮಿ’ ಯೋಜನೆ ಈ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು 177 ತಾಲ್ಲೂಕು ಕೇಂದ್ರಗಳಲ್ಲಿ ಸೇರಿದವು. 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರತೊಡಗಿತು, ಕೈಬರಹದ್ದಕ್ಕೆ ಮಾನ್ಯತೆ ಹೋಯಿತು.

ಆದರೆ ಪುಸ್ತಕಕ್ಕೆ ಗೆದ್ದಲು ಹೇಗೋ, ಕಂಪ್ಯೂಟರಿನಲ್ಲಿ ದಾಖಲೆ ಕೂತಿರುವ ಡಿಸ್ಕ್‌ಗೂ ಹಾಗೆಯೇ ಒಂದು ಆಯಸ್ಸಿದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಬಿಲ್ಲೆ, ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ಪಟ್ಟು ಕಿರಿದಾದ ಅಂತರದಲ್ಲಿ ತೇಲುತ್ತ ಓದಿ ಬರೆಯುವ ಹೆಡ್. ಬೇರಿಂಗ್ ಸವೆಯುತ್ತದೆ, ಹೆಡ್ ಬಿಲ್ಲೆಗೆ ತಾಗುತ್ತದೆ, ಬಿಸಿಲಿಗೆ ಹೆಸರಾದ ರಾಯಚೂರಿನಲ್ಲಿ ಎಸಿ ಕೆಟ್ಟ ಕೋಣೆ ಇದ್ದರಂತೂ ಕೇಳುವುದೇ ಬೇಡ. ಕಚೇರಿಯಲ್ಲಿ ‘ಸರ್ವರ್ ಇಲ್ರೀ, ನಾಳಿ ಬರ್ರಿ’ ಎನ್ನುವ ಮಾತು ಎಲ್ಲರಿಗೂ ಗೊತ್ತು. ಅದು ಬಹಳ ಮಟ್ಟಿಗೆ ನೆಟ್‌ವರ್ಕ್ ತೊಂದರೆ, ದಾಖಲೆ ಎಲ್ಲೂ ಹೋಗಿರುವುದಿಲ್ಲ. ಡಿಸ್ಕ್ ಸತ್ತರೆ ನಾಳೆ ಬಂದರೂ ಏನೂ ಸಿಗುವುದಿಲ್ಲ. ಹಾಗಾಗದಂತೆ ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದರಂತೆ ನಡೆಸುವ ವಿದ್ಯೆಗೆ ರೇಡ್ ಎಂದು ಹೆಸರು.

ರಾಯಚೂರು ಕನ್ನಡ ನಾಡಿಗೆ ಸೇರಿದ 1956ರಲ್ಲೇ ಐಬಿಎಂ ಕಂಪನಿ ಮೊದಲ ಡಿಸ್ಕ್ ಘಟಕವನ್ನು ಮಾರುಕಟ್ಟೆಗೆ ಬಿಟ್ಟಿತು. 24 ಅಂಗುಲದ 50 ಬಿಲ್ಲೆಗಳು, ಅವೆಲ್ಲ ಸೇರಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಎಪ್ಪತ್ತರ ದಶಕದಲ್ಲಿ ಟ್ಯಾಂಡಮ್ ಕಂಪನಿ, ನಿಲ್ಲಬಾರದ ವ್ಯವಹಾರಗಳಿಗೆಂದು ಎರಡು ಡಿಸ್ಕ್‌ಗಳ ಮೇಲೆ ಒಂದೇ ಮಾಹಿತಿಯನ್ನು ಬರೆಯುವ ಯಂತ್ರಗಳನ್ನು ಮಾರಿತು. ಐಬಿಎಂನ ನಾರ್ಮನ್ ಕೆನ್ ಔಚಿ, ಕಳೆದುಹೋದ ಮಾಹಿತಿಯನ್ನು ಉಳಿದ ಡಿಸ್ಕ್‌ಗಳಿಂದ ಮರಳಿ ಕಟ್ಟುವ ಕ್ರಮಕ್ಕೆ 1978ರಲ್ಲಿ ಪೇಟೆಂಟ್ ಪಡೆದರು. ಇವೆಲ್ಲ ದೊಡ್ಡ ಯಂತ್ರಗಳ, ದೊಡ್ಡ ದುಡ್ಡಿನ ಮಾತು.

1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಷಿಕಾಗೋದ ಸಮ್ಮೇಳನದಲ್ಲಿ ಒಂದು ಪ್ರಬಂಧ ಮಂಡಿಸಿದರು. ಐಬಿಎಂನ ದೊಡ್ಡ ಡಿಸ್ಕ್ ಆಗ 7,500 ಮೆಗಾಬೈಟ್ ಹಿಡಿಯುತ್ತಿತ್ತು. ಮೇಜಿನ ಮೇಲಿನ ಕಂಪ್ಯೂಟರಿನ ಕಾನರ್ ಡಿಸ್ಕ್‌ನಲ್ಲಿ ಹಿಡಿಯುತ್ತಿದ್ದದ್ದು ಕೇವಲ 100 ಮೆಗಾಬೈಟ್. ಅಂಥ ಅಗ್ಗದ 75 ಡಿಸ್ಕ್‌ಗಳನ್ನು ಒಟ್ಟು ಕಟ್ಟಿದರೆ ದೊಡ್ಡದಕ್ಕೆ ಸಮ, ವೇಗದಲ್ಲಿ ಅದಕ್ಕೂ ಮೇಲು. ಅಡ್ಡಿ ಇದ್ದದ್ದು ಸಾವಿನ ಲೆಕ್ಕದಲ್ಲಿ. ಒಂದು ಡಿಸ್ಕ್ ಸರಾಸರಿ 30,000 ಗಂಟೆ ಬಾಳಿದರೆ, 100 ಡಿಸ್ಕ್‌ಗಳ ಗುಂಪಿನಲ್ಲಿ ಸರಾಸರಿ 300 ಗಂಟೆಗೊಂದು ಹೋಗುತ್ತದೆ. ಎರಡು ವಾರ ತುಂಬುವುದರೊಳಗೇ ಒಂದು!

ಆ ಪ್ರಬಂಧದಲ್ಲಿ ನನ್ನ ಮನಸ್ಸು ಗೆದ್ದದ್ದು ಇದೇ ಜಾಗ. ಸಾಯದ ಡಿಸ್ಕ್ ಮಾಡುತ್ತೇವೆಂದು ಅವರು ಹೊರಡಲಿಲ್ಲ. ಸಾಯುತ್ತದೆ ಎಂದು ಒಪ್ಪಿಕೊಂಡೇ ಲೆಕ್ಕ ಹಾಕಿದರು. ಹತ್ತತ್ತರ ಗುಂಪು ಮಾಡಿ, ಗುಂಪಿಗೊಂದರಂತೆ 100ಕ್ಕೆ 10 ತಾಳೆ ಡಿಸ್ಕ್ ಸೇರಿಸಿ, ಕೆಟ್ಟದ್ದನ್ನು ಒಂದು ಗಂಟೆಯೊಳಗೆ ಬದಲಿಸಿದರೆ ಆ 300 ಗಂಟೆ 8,20,000 ಗಂಟೆ ಆಗುತ್ತದೆ ಎಂದು ತೋರಿಸಿದರು. ತೊಂಬತ್ತು ವರ್ಷಕ್ಕೂ ಹೆಚ್ಚು.

ಹತ್ತಕ್ಕೊಂದು ಡಿಸ್ಕ್ ಹತ್ತನ್ನೂ ಕಾಯುವುದು ಹೇಗೆ? ನಮ್ಮ ಕಂದಾಯ ದಾಖಲೆಯಲ್ಲೇ ಇದಕ್ಕೆ ಉದಾಹರಣೆ ಇದೆ. ವಿಸ್ತೀರ್ಣ ಬರೆದಿಡುವ ಆಕಾರ್‌ಬಂದ್‌ನಲ್ಲಿ ಒಂದು ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ 12 ಎಕರೆ 10 ಗುಂಟೆ ಎಂದಿದೆ ಅನ್ನಿ. ಅದರಲ್ಲಿ ಮೂರು ಹಿಸ್ಸಾ, ಅಂದರೆ ಪಾಲು. ಮೊದಲನೆಯದು 4 ಎಕರೆ 20 ಗುಂಟೆ, ಎರಡನೆಯದು 3 ಎಕರೆ 30 ಗುಂಟೆ, ಮೂರನೆಯದರ ಹಾಳೆ ಹರಿದಿದೆ. ಇರುವ ಎರಡನ್ನು ಕೂಡಿದರೆ 8 ಎಕರೆ 10 ಗುಂಟೆ, ಒಟ್ಟಿನಲ್ಲಿ ಕಳೆದರೆ ಹರಿದ ಹಾಳೆಯಲ್ಲಿದ್ದದ್ದು ಸರಿಯಾಗಿ 4 ಎಕರೆ. ಯಾವ ಹಿಸ್ಸಾ ಹರಿದರೂ ಇದೇ ಲೆಕ್ಕ ನಡೆಯುತ್ತದೆ, ಮೂರಕ್ಕೂ ನಕಲು ಇಡಬೇಕಾಗಿಲ್ಲ. ಡಿಸ್ಕ್‌ಗಳಲ್ಲಿ ಆ ಒಟ್ಟನ್ನು ಪ್ಯಾರಿಟಿ ಎನ್ನುತ್ತಾರೆ. ಅಲ್ಲಿರುವುದು ಬರೀ 0 ಮತ್ತು 1. ಸಾಲಿನಲ್ಲಿ 1 ಬೆಸ ಸಂಖ್ಯೆಯಲ್ಲಿದ್ದರೆ ಪ್ಯಾರಿಟಿ 1, ಸಮ ಇದ್ದರೆ 0. ಒಂದು ಡಿಸ್ಕ್ ಹೋದರೆ ಉಳಿದವನ್ನು ಎಣಿಸಿ, ಅದರಲ್ಲಿ ಏನಿತ್ತೆಂದು ತಿಳಿಯಬಹುದು.

ಎರಡು ಹಿಸ್ಸಾ ಒಟ್ಟಿಗೆ ಹರಿದರೆ? ಒಂದು ಮೊತ್ತ ಸಾಲದು. ಮೊದಲನೆಯದನ್ನು ಒಂದರಿಂದ, ಎರಡನೆಯದನ್ನು ಎರಡರಿಂದ, ಮೂರನೆಯದನ್ನು ಮೂರರಿಂದ ಗುಣಿಸಿ ಕೂಡಿದ ಇನ್ನೊಂದು ಮೊತ್ತವೂ ಬರೆದಿಟ್ಟಿದ್ದರೆ, ಎರಡು ಸಮೀಕರಣಗಳಿಂದ ಎರಡೂ ಸಿಗುತ್ತವೆ. ಹೀಗೆ ಎರಡು ಮೊತ್ತ ಇಡುವ ರೇಡ್-6ರ ಒಳಗುಟ್ಟು ಇಷ್ಟೆ. ಅದರ ಗಣಿತದ ಮೂಲ 1960ರಲ್ಲಿ ರೀಡ್ ಮತ್ತು ಸಾಲಮನ್ ಬರೆದ ಸಂಕೇತ ಪದ್ಧತಿ. ಡಿಸ್ಕ್‌ಗಳು ಹತ್ತಾರು ಟೆರಾಬೈಟ್ ಆಗಿರುವ ಈಗ ಅದು ಬೇಕೇ ಬೇಕು ಎನ್ನುವುದು ನನ್ನ ಅಭಿಪ್ರಾಯ. ಸತ್ತ ಡಿಸ್ಕ್‌ನ ಜಾಗದಲ್ಲಿ ಹೊಸದನ್ನು ತುಂಬಲು ಒಂದು ದಿನವೋ ಎರಡು ದಿನವೋ ಹಿಡಿಯುತ್ತದೆ. ಅಷ್ಟೂ ಹೊತ್ತು ಉಳಿದ ಡಿಸ್ಕ್‌ಗಳು ಮೊದಲಿಂದ ಕೊನೆಯವರೆಗೆ ಓದಿಸಿಕೊಳ್ಳುತ್ತವೆ. ಅವೂ ಒಂದೇ ದಿನ ಕೊಂಡ, ಒಂದೇ ವಯಸ್ಸಿನವು.

ಬರ್ಕ್ಲಿಯವರು 1989ರಲ್ಲಿ 28 ಡಿಸ್ಕ್‌ಗಳನ್ನು ಒಂದು ಸನ್ ಕಂಪ್ಯೂಟರಿಗೆ ಕಟ್ಟಿ ಮೊದಲ ಮಾದರಿ ಮಾಡಿದರು. ಆಮೇಲೆ ಕಂಪನಿಗಳು ಇದಕ್ಕೆಂದೇ ದುಬಾರಿ ಕಾರ್ಡುಗಳನ್ನು ಮಾರಿದವು. ಆ ಕಾರ್ಡು ಕೆಟ್ಟರೆ ಅದೇ ಕಂಪನಿಯ ಅಂಥದ್ದೇ ಕಾರ್ಡು ಹುಡುಕಬೇಕು. ಬೇರೆ ದಾರಿ ತೆರೆದದ್ದು ಮುಕ್ತ ತಂತ್ರಾಂಶವಾದ ಲಿನಕ್ಸ್. ಸಾಮಾನ್ಯ ಪ್ರೊಸೆಸರೇ ಆ ಲೆಕ್ಕ ಮಾಡುತ್ತದೆ. ಆಸ್ಟ್ರೇಲಿಯಾದ ನೀಲ್ ಬ್ರೌನ್ 2001ರಲ್ಲಿ ಬರೆದ ಎಮ್‌ಡಿ-ಆ್ಯಡ್ಮ್ ತಂತ್ರಾಂಶ ಇವತ್ತಿಗೂ ಜಗತ್ತಿನ ಲೆಕ್ಕವಿಲ್ಲದಷ್ಟು ಸರ್ವರ್‌ಗಳಲ್ಲಿ ನಡೆಯುತ್ತಿದೆ, ಬಿಡಿಗಾಸೂ ಕೊಡಬೇಕಿಲ್ಲ. ಪ್ರತಿ ಡಿಸ್ಕ್ ಮೇಲೂ ಅದು ತನ್ನ ಗುರುತು ಬರೆದಿಡುವುದರಿಂದ, ಡಿಸ್ಕ್‌ಗಳನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೂ ಗುಂಪು ತಾನಾಗಿ ಕೂಡಿಕೊಳ್ಳುತ್ತದೆ. ಸ್ಥಿತಿ ಕೇಳಿದರೆ ಚೌಕ ಆವರಣದಲ್ಲಿ ಉತ್ತರ ಬರುತ್ತದೆ: ನೆಟ್ಟಗಿರುವ ಡಿಸ್ಕ್‌ಗೆ ಒಂದು ‘ಯು’ ಅಕ್ಷರ, ಬಿದ್ದುಹೋದದ್ದಕ್ಕೆ ಒಂದು ಅಡಿಗೆರೆ. ಮೂರು ‘ಯು’ ನಡುವೆ ಒಂದು ಅಡಿಗೆರೆ ಕಂಡರೆ ಕೆಲಸ ನಡೆಯುತ್ತಲೇ ಇದೆ, ಆದರೆ ಅವತ್ತೇ ಹೊಸ ಡಿಸ್ಕ್ ತರಿಸಬೇಕು.

ಶಕ್ತಿನಗರದಲ್ಲಿ 1,720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಕೇಂದ್ರ ಇದ್ದರೂ ಜಿಲ್ಲೆಯ ಊರುಗಳಲ್ಲಿ ಕರೆಂಟ್ ಹೋಗುವುದು ತಪ್ಪಿಲ್ಲ. ಒಂದೇ ಪ್ಯಾರಿಟಿ ಇಡುವ ರೇಡ್-5ಕ್ಕೆ ಇದು ನಿಜವಾದ ಕಂಟಕ. ಹಿಸ್ಸಾ ತಿದ್ದಿ, ಒಟ್ಟು ತಿದ್ದುವ ಮೊದಲೇ ಕರೆಂಟ್ ಹೋದರೆ ಎರಡೂ ತಾಳೆಯಾಗುವುದಿಲ್ಲ. ಮುಂದೊಂದು ದಿನ ಡಿಸ್ಕ್ ಕೆಟ್ಟಾಗ ಆ ತಪ್ಪು ಒಟ್ಟಿನಿಂದ ತಪ್ಪು ಉತ್ತರವೇ ಬರುತ್ತದೆ, ಯಾರಿಗೂ ಗೊತ್ತಾಗುವುದೂ ಇಲ್ಲ. ಸನ್ ಕಂಪನಿಯ ಜೆಫ್ ಬಾನ್ವಿಕ್, ಮ್ಯಾಥ್ಯೂ ಆರೆನ್ಸ್ 2001ರಲ್ಲಿ ಶುರುಮಾಡಿ 2005ರಲ್ಲಿ ಹೊರತಂದ ಜೆಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಇದನ್ನು ಬುಡದಲ್ಲೇ ತಡೆಯಿತು. ಹಳೆಯದರ ಮೇಲೆ ಅದು ಬರೆಯುವುದೇ ಇಲ್ಲ. ಹೊಸ ಜಾಗದಲ್ಲಿ ಪೂರ್ತಿ ಬರೆದ ಮೇಲೆ ಮಾತ್ರ ಹೊಸದನ್ನು ಮಾನ್ಯ ಮಾಡುತ್ತದೆ. ಲಿನಕ್ಸ್‌ನಲ್ಲೂ ಈಗ ಬದಲಾವಣೆಯನ್ನು ಮೊದಲೇ ಬರೆದಿಡುವ ಜರ್ನಲ್ ಇಟ್ಟು ಇದನ್ನು ತಡೆಯಬಹುದು. ಜೊತೆಗೆ ಒಳ್ಳೆಯ ಯುಪಿಎಸ್ ಇರಲೇಬೇಕು.

ಇಷ್ಟೆಲ್ಲ ಇದ್ದರೂ ರೇಡ್ ಕಾಯುವುದು ಡಿಸ್ಕ್‌ನ ಸಾವಿನಿಂದ ಮಾತ್ರ. ಮ್ಯುಟೇಷನ್‌ನಲ್ಲಿ ತಪ್ಪು ಹೆಸರು ಕೂತರೆ ಅದೇ ತಪ್ಪು ಎಲ್ಲ ಡಿಸ್ಕ್‌ಗಳಲ್ಲೂ ನಿಷ್ಠೆಯಿಂದ ಕೂರುತ್ತದೆ. ಬೆಂಕಿ ಬಿದ್ದರೆ, 2009ರ ಅಕ್ಟೋಬರಿನಲ್ಲಿ ಜಿಲ್ಲೆಯ ನದಿದಂಡೆ ಹಳ್ಳಿಗಳನ್ನು ಮುಳುಗಿಸಿದಂಥ ನೆರೆ ಬಂದರೆ, ಒಂದೇ ಪೆಟ್ಟಿಗೆಯಲ್ಲಿರುವ ಎಲ್ಲ ಡಿಸ್ಕ್‌ಗಳೂ ಒಟ್ಟಿಗೆ ಹೋಗುತ್ತವೆ. ನಕಲು ಬೇರೆ ಊರಲ್ಲಿ ಇರಬೇಕೆಂಬುದಕ್ಕೆ ಈ ಜಿಲ್ಲೆಯಲ್ಲೇ ಹಳೆಯ ಸಾಕ್ಷಿಯಿದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಮಸ್ಕಿ ಶಾಸನದಲ್ಲಿ ಅಶೋಕನ ಹೆಸರಿದೆ, ಆದರೆ ಸಾಲುಗಳು ಅಲ್ಲಲ್ಲಿ ಸವೆದಿವೆ. ವಿದ್ವಾಂಸರು ಆ ಜಾಗಗಳನ್ನು ತುಂಬಿದ್ದು ಅದೇ ಶಾಸನದ ಬೇರೆ ಊರುಗಳ ಪ್ರತಿಗಳನ್ನು ಇಟ್ಟು ನೋಡಿ. 1931ರಲ್ಲಿ ಕೊಪ್ಪಳದ ಗವಿಮಠದಲ್ಲಿ ಸಿಕ್ಕ ಪ್ರತಿ ಬಹುಪಾಲು ಅಖಂಡವಾಗಿದೆ.

ರಾಯಚೂರಿನ ಹತ್ತಿ ವ್ಯಾಪಾರಿಗೋ, ಮಾನ್ವಿಯ ಫೋಟೊ ಸ್ಟುಡಿಯೊಗೋ, ದೇವದುರ್ಗದ ಶಾಲೆಗೋ ಇದು ಕೈಗೆಟುಕದ ವಸ್ತುವಲ್ಲ. ಹಳೆಯ ಕಂಪ್ಯೂಟರ್ ಒಂದು, ಬೇರೆ ಬೇರೆ ಹೊತ್ತಿನಲ್ಲಿ ಕೊಂಡ ಎರಡು ಡಿಸ್ಕ್, ಮತ್ತೊಂದು ಊರಿನ ನೆಂಟರ ಮನೆಯಲ್ಲಿ ಮೂರನೆಯ ಪ್ರತಿ, ಇಷ್ಟಿದ್ದರೆ ಆಯಿತು. ಡೆಬಿಯನ್ ಲಿನಕ್ಸ್ ಪ್ರತಿ ತಿಂಗಳ ಮೊದಲ ಭಾನುವಾರ ಎಲ್ಲ ಡಿಸ್ಕ್‌ಗಳನ್ನೂ ತಾನೇ ಓದಿ ತಾಳೆ ನೋಡುತ್ತದೆ. ಡಿಸ್ಕ್ ಬಿದ್ದರೆ ಇಮೇಲ್ ಕಳಿಸುತ್ತದೆ. ಅದಕ್ಕೆ ಕೊಡುವ ವಿಳಾಸ ದಿನವೂ ಇಮೇಲ್ ನೋಡುವವರದ್ದಾಗಿರಲಿ.